ಎಲೆಯಡಿಕೆ ತಟ್ಟೆ

"ಇವತ್ತು ಎಲೆಯಡಿಕೆ ತಟ್ಟೆ ಚಾಪೆ ಮೇಲೆ ಇಡಬೇಡ. ನನ್ನ ಕೈಗೆ ಕೊಡು, ನಾನೇ ಅವನಿಗೆ ಕೊಡ್ತೀನಿ," ಎಂದರು ಕಸ್ತೂರಿರಂಗ ಮೇಷ್ಟ್ರು, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಒಬ್ಬಟ್ಟು ತಟ್ಟುತ್ತಿದ್ದ ಕನಕಲಕ್ಷ್ಮಿಯ ಕೈ ಹಾಗೇ ನಿಂತಿತು. ಅವಳು ಮದುವೆಯಾಗಿ ಮದ್ದೂರಿಗೆ ಬಂದಾಗಿನಿಂದ ಈ ಮನೆಯಲ್ಲಿ ಭಾನುವಾರದ ಊಟಕ್ಕೆ ಯಾರಾದರೂ ಒಬ್ಬರು ಬರದೆ ಇದ್ದದ್ದಿಲ್ಲ. ಊಟವಾದ ಮೇಲೆ ಹಿತ್ತಾಳೆ ತಟ್ಟೆಯನ್ನು ಚಾಪೆಯ ನಡುವೆ ಇಟ್ಟುಬಿಟ್ಟರೆ ಆಯಿತು; ಬಂದವರು ತಮಗೆ ಬೇಕಾದಷ್ಟು ಎಲೆ ಎತ್ತಿಕೊಂಡು, ಸುಣ್ಣ ಸವರಿ, ಹೊತ್ತು ಇಳಿಯುವವರೆಗೆ ಊರ ಮಾತನ್ನೆಲ್ಲ ಜೊತೆಗೇ ಅಗಿಯುತ್ತಿದ್ದರು. ಕೈಯಾರೆ ವೀಳ್ಯ ಕೊಡುವುದು ಬೇರೆಯೇ ಲೆಕ್ಕ. ಒಂದು ಮಾತು ಕೇಳಿ ವೀಳ್ಯ ಮುಂದೊಡ್ಡಿದರೆ, ತೆಗೆದುಕೊಂಡವನು ಒಪ್ಪಿದ ಹಾಗೆ. ಆಮೇಲೆ ಅವನು ಹಿಂದೆಗೆದರೆ ಊರಲ್ಲಿ ತಲೆಯೆತ್ತುವಂತಿಲ್ಲ.

"ಚಲುವರಾಜೂನೇ ಯಾಕೆ?" ಎಂದಳು.

"ಅವನು ನನ್ನ ಮಾತು ತೆಗೆದುಹಾಕೋದಿಲ್ಲ."

"ಅದಕ್ಕೇ ಕೇಳಿದ್ದು."

ಮೇಷ್ಟ್ರು ನಡುಮನೆಗೆ ಹೋಗಿ ಚಾಪೆ ಹಾಸತೊಡಗಿದರು.

ಎಪ್ಪತ್ತಾರನೇ ಇಸವಿಯ ಮಾತು. ಶಾಲೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿ ಆಗಿತ್ತು. ಪಾಠ ಹೇಳಬೇಕಾದ ಮೇಷ್ಟ್ರುಗಳು ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹುಡುಕಿಕೊಂಡು ಸಂತೆ ಸುತ್ತುತ್ತಿದ್ದರು. ಮೂರು ಮಕ್ಕಳಿರುವವರು ತಾವೇ ಮಾಡಿಸಿಕೊಳ್ಳಬೇಕು, ಇಲ್ಲವೇ ತಮ್ಮ ಬದಲಿಗೆ ಇನ್ನೊಬ್ಬನನ್ನು ಕರೆತರಬೇಕು, ಸೋಮವಾರ ಮಂಡ್ಯದ ಕ್ಯಾಂಪಿನಲ್ಲಿ ಎರಡೂ ಆಗದಿದ್ದರೆ ಕೆಲಸದ ಆಸೆ ಬಿಡಬೇಕು ಎಂದು ಮೇಲಿನವರು ಬಾಯಿಮಾತಿನಲ್ಲೇ ಹೇಳಿ ಹೋಗಿದ್ದರು. ಕಸ್ತೂರಿರಂಗ ಮೇಷ್ಟ್ರಿಗೆ ಮೂರು ಮಕ್ಕಳು. ಇವತ್ತು ಮನೆ ನಿಶ್ಶಬ್ದವಾಗಿರಲಿ ಎಂದು ಮೂವರನ್ನೂ ಮಳವಳ್ಳಿಯ ತಾತನ ಮನೆಗೆ ಕಳಿಸಿದ್ದರು. ಗ್ರಹಣಕ್ಕೆಲ್ಲ ಹೆದರಬಾರದು ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವ ಮನುಷ್ಯ, ಆಪರೇಷನ್ ಎಂದರೆ ಕುಳಿತಲ್ಲೇ ಬೆವರುತ್ತಿದ್ದರು. ಆಮೇಲೆ ಸೈಕಲ್ ತುಳಿಯೋಕೂ ತ್ರಾಣ ಇರೋದಿಲ್ಲವಂತೆ ಎಂದು ಯಾರೋ ಕಿವಿ ಊದಿದ್ದರು.

ಚಲುವರಾಜು ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟವನು, ಮೇಷ್ಟ್ರ ಹಳೆಯ ಶಿಷ್ಯ. ಇಬ್ಬರು ಹೆಣ್ಣುಮಕ್ಕಳು. ಮೂರನೆಯದು ಗಂಡು, ಹೋದ ವರ್ಷ ಜ್ವರ ಬಂದು ತೀರಿಕೊಂಡಿತ್ತು. ಮಣ್ಣಿಗೆ ಮೇಷ್ಟ್ರೂ ಹೋಗಿ ಬಂದಿದ್ದರು. ಅದನ್ನು ನೆನೆದರೆ ಕನಕಲಕ್ಷ್ಮಿಗೆ ಅವನನ್ನೇ ತಮ್ಮ ಬದಲಿಗೆ ಒಯ್ಯಲು ಹೊರಟ ಗಂಡನ ಮೇಲೆ ಹೇಸಿಗೆಯಾಗುತ್ತಿತ್ತು. ಹಾಗೆಂದು ಕೆಲಸ ಹೋದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ಅವಳಿಗೂ ಇತ್ತು. ಆ ಹೆದರಿಕೆಯಿಂದಲೇ ಬೆಳಿಗ್ಗೆಯಿಂದ ಬಾಯಿ ಕಟ್ಟಿಕೊಂಡು ಹೂರಣ ರುಬ್ಬಿದ್ದಳು.

ಗಂಡಹೆಂಡಿರು ಮಧ್ಯಾಹ್ನ ಬಂದರು. ಚಲುವರಾಜು ಒಗೆದ ಅಂಗಿ ತೊಟ್ಟಿದ್ದ. ಉಗುರಿನ ಸಂದಿಯ ಗ್ರೀಸು ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಅವನ ಹೆಂಡತಿ ಯಶೋದಮ್ಮ ನೇರವಾಗಿ ಅಡುಗೆಮನೆಯ ಹೊಸ್ತಿಲಿಗೆ ಬಂದು ಕುಳಿತಳು.

"ಬೇರೆ ಯಾರೂ ಬರ್ನಿಲ್ವಾ ಅಮ್ಮಾವ್ರೇ? ನಮಗೊಬ್ರಿಗೇಯಾ ಇಷ್ಟೆಲ್ಲಾ?"

"ನಿಮಗೇ ಅಂತ ಮಾಡಿದ್ದು," ಎಂದಳು ಕನಕಲಕ್ಷ್ಮಿ. "ಮನೇಲಿ ಹೇಗಿದೀಯ ಈಗ?"

"ಇವ್ನಿ ಕಣಮ್ಮ. ತೊಟ್ಲು ಇನ್ನೂ ತೂಗಾಕ್ಕಂಡೇ ಅದೆ. ಅಟ್ಟಕ್ಕಾಕಿ ಅಂದ್ರೆ ಕೇಳಕಿಲ್ಲ ಇವ್ರು. ವಾರ ವಾರ ಅದ್ರ ಸರಪಣಿಗೆ ಎಣ್ಣೆ ಬುಡ್ತಾರೆ. ತುಕ್ಕಿಡುದ್ರೆ ಮುಂದ್ಕೆ ಬರೋ ಕೂಸು ಕಿರ್ ಅನ್ನೋ ಸದ್ದಿಗೆ ಎಚ್ಚರಾಯ್ತದಂತೆ." ಅವಳು ನಗಲು ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಕನಕಲಕ್ಷ್ಮಿ ಬಡಿಸಿದಳು. ಪುಳಿಯೋಗರೆ, ಕೋಸಂಬರಿ, ಒಬ್ಬಟ್ಟಿನ ಮೇಲೆ ತುಪ್ಪ. ಮೇಷ್ಟ್ರು ತಮ್ಮ ಎಲೆಯನ್ನು ಬಿಟ್ಟು ಚಲುವರಾಜುವಿನ ಎಲೆಯನ್ನೇ ನೋಡುತ್ತಿದ್ದರು.

"ಅವನಿಗೆ ಇನ್ನೊಂದು ಒಬ್ಬಟ್ಟು ಹಾಕು."

"ಸಾಕು ಬುಡಿ ಮೇಷ್ಟ್ರೇ, ಒಟ್ಟೆ ಒಡದೋದಾತು!"

"ತಿನ್ನಯ್ಯ. ಊಟ ಆದ್ಮೇಲೆ ನಿನ್ನ ಹತ್ರ ಒಂದು ಮಾತು ಕೇಳೋದಿದೆ. ಇಲ್ಲ ಅನ್ನಬಾರದು."

ಚಲುವರಾಜು ತಲೆಯೆತ್ತಿದ. "ನಿಮ್ಮನೆ ಅನ್ನ ಬಾಯಲ್ಲಿಟ್ಕಂಡು ಇಲ್ಲ ಅನ್ನಕಾದಾತಾ? ನೀವು ಕೇಳಿ, ನಾನ್ ಆಯ್ತು ಅಂತೀನಿ. ಅಷ್ಟೆಯಾ."

ಮೇಷ್ಟ್ರ ಮುಖ ಸಡಿಲವಾಯಿತು. ಕನಕಲಕ್ಷ್ಮಿ ತುಪ್ಪದ ಗಿಂಡಿ ಹಿಡಿದುಕೊಂಡು ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಇಷ್ಟು ವರ್ಷ ಎಷ್ಟು ಜನಕ್ಕೆ ಬಡಿಸಿದ್ದಳೋ, ಒಂದು ದಿನವೂ ತನ್ನ ಅಡುಗೆ ಯಾರ ಕೊರಳಿಗಾದರೂ ಹಗ್ಗವಾಗುತ್ತದೆಂದು ಅನಿಸಿರಲಿಲ್ಲ. ಹೊರಗೆ ಕೈತೊಳೆಯುವ ನೀರಿನ ಸದ್ದು ಕೇಳಿತು. ಆಮೇಲೆ ಮೇಷ್ಟ್ರ ದನಿ: "ಕನಕಾ, ತಟ್ಟೆ ತಾ."

ಅವಳು ತಟ್ಟೆ ಎತ್ತಿಕೊಂಡಳು. ಅಕ್ಕಿಯ ಡಬ್ಬಿಯ ಮುಚ್ಚಳವನ್ನೂ ತೆಗೆದಳು.

ನಡುಮನೆಗೆ ಬಂದಾಗ ಅವಳ ಒಂದು ಕೈಯಲ್ಲಿ ಎಲೆಯಡಿಕೆ ತಟ್ಟೆ, ಇನ್ನೊಂದರಲ್ಲಿ ಮೊರ. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ತಾನು ಗೌರಿಹಬ್ಬಕ್ಕೆಂದು ಎತ್ತಿಟ್ಟಿದ್ದ ಹಸಿರು ರವಿಕೆಕಣ. ಮೇಷ್ಟ್ರು ಕೈ ಚಾಚಿದರು. ಅವಳು ಆ ಕೈಯನ್ನು ದಾಟಿಕೊಂಡು ಹೋದಳು.

"ಯಶೋದಾ, ಪೂರ್ವಕ್ಕೆ ಮುಖ ಮಾಡಿ ಕೂತ್ಕೋ. ಸೆರಗು ಒಡ್ಡು."

"ಅಯ್ಯೋ, ಇದ್ಯಾಕಮ್ಮಾವ್ರೇ ಈಗ?"

"ಊಟಕ್ಕೆ ಬಂದ ಮುತ್ತೈದೆ. ಬರೀ ಮಡಿಲಲ್ಲಿ ಕಳಿಸಲಾ?"

"ಕನಕಾ," ಎಂದರು ಮೇಷ್ಟ್ರು. ಅವಳು ತಿರುಗಿ ನೋಡಲಿಲ್ಲ. ಕುಂಕುಮ ಇಟ್ಟು, ಬೊಗಸೆ ಬೊಗಸೆ ಅಕ್ಕಿ ಸುರಿದಳು. ಕಾಯಿ, ಬೆಲ್ಲ, ಕಣ. ಆಮೇಲೆ ತಟ್ಟೆಯ ಒಳ್ಳೆಯ ಎಲೆಗಳನ್ನೆಲ್ಲ ಬಾಚಿ ಅಕ್ಕಿಯ ಮೇಲೆ ಇಟ್ಟಳು. "ಬರೋ ವರ್ಷ ಈ ಹೊತ್ತಿಗೆ ನಿನ್ನ ತೊಟ್ಟಿಲು ತುಂಬಲಿ," ಎಂದಳು, ಮೂವರಿಗೂ ಕೇಳುವ ಹಾಗೆ.

ಯಶೋದಮ್ಮ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಅವಚಿಕೊಂಡು ಬಿಕ್ಕಿದಳು. ಚಲುವರಾಜು ಬಾಗಿಲ ಕಡೆ ಮುಖ ತಿರುಗಿಸಿ, ಸುಮ್ಮಸುಮ್ಮನೆ ಕೆಮ್ಮಿದ.

ಹೊರಡುವಾಗ ಜಗುಲಿಯ ಮೆಟ್ಟಿಲಿಳಿದವನು ನಿಂತ. "ಅದೇನೋ ಕೇಳ್ಬೇಕು ಅಂದ್ರಲ್ಲ ಮೇಷ್ಟ್ರೇ?"

ಮೇಷ್ಟ್ರು ಅವನನ್ನು ನೋಡಿದರು. ಅವನ ಹಿಂದೆ ಉಬ್ಬಿದ ಸೆರಗು ಹಿಡಿದು ನಿಂತಿದ್ದ ಯಶೋದಮ್ಮನನ್ನು ನೋಡಿದರು.

"ಸೈಕಲ್ ಬ್ರೇಕು ಹಿಡೀತಿಲ್ಲ ಕಣಯ್ಯ. ನೋಡಬೇಕಿತ್ತು."

"ಇಷ್ಟಕ್ಕೇಯಾ ಒಬ್ಬಟ್ಟಾಕ್ಸುದ್ರಿ!" ಚಲುವರಾಜು ಗಟ್ಟಿಯಾಗಿ ನಕ್ಕ. "ನಾಳೀಕೆ ಬಂದು ನಾನೇ ಸರಿಮಾಡ್ತೀನಿ, ಬುಡಿ."

ಅವರು ರಸ್ತೆಯ ತಿರುವು ದಾಟುವವರೆಗೆ ಇಬ್ಬರೂ ಜಗುಲಿಯಲ್ಲೇ ನಿಂತಿದ್ದರು. ಒಳಗೆ ಬಂದು ಮೇಷ್ಟ್ರು ಚಾಪೆಯ ಮೇಲೆ ಕುಸಿದರು.

"ನನ್ನ ಕುತ್ತಿಗೆಗೇ ತಂದಿಟ್ಟೆಯಲ್ಲೇ. ನಾಳೆ ನಾನು ಯಾರನ್ನ ಕರ್ಕೊಂಡು ಹೋಗಲಿ?"

ಕನಕಲಕ್ಷ್ಮಿ ಉಂಡೆಲೆ ಎತ್ತಿದಳು, ನೆಲ ಸಾರಿಸಿದಳು. ಸಿಟ್ಟು ಬರಲಿಲ್ಲ, ಆ ಬೆವರಿದ ಹಣೆ ನೋಡಿ ಅಯ್ಯೋ ಅನಿಸಿತು. ಹಿತ್ತಾಳೆ ತಟ್ಟೆಯಲ್ಲಿ, ಅಂಚು ಹರಿದವೆಂದು ಮಡಿಲಿಗೆ ಹಾಕದೆ ಬಿಟ್ಟ ಎರಡು ಎಲೆ ಉಳಿದಿದ್ದವು. ಅವನ್ನು ತೊಳೆದು, ಒರೆಸಿ, ಮೇಲೊಂದು ಅಡಿಕೆ ಇಟ್ಟಳು. ಗಂಡನ ಎದುರಿಗೆ ಮಂಡಿಯೂರಿ ಕುಳಿತು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಒಂದು ಮಾತು ಕೇಳ್ತೀನಿ," ಎಂದಳು. "ನೀವೇ ಮಾಡಿಸ್ಕೊಳ್ಳಿ. ಮಂಡ್ಯಕ್ಕೆ ನಾನೂ ಜೊತೇಲಿ ಬರ್ತೀನಿ."

ಹೊರಗೆ ಬೆಂಗಳೂರಿನ ಬಸ್ಸು ಹಾರನ್ ಹೊಡೆಯುತ್ತ ಹೋಯಿತು. ಮೇಷ್ಟ್ರು ಬಹಳ ಹೊತ್ತು ತಟ್ಟೆಯನ್ನೇ ನೋಡಿದರು. ಅವಳ ಕೈ ಸೋತು ತಟ್ಟೆ ಒಂದು ಕಡೆ ವಾಲಿತು, ಅಡಿಕೆ ಉರುಳಿ ಸದ್ದು ಮಾಡಿತು. ಅವರು ಬಲಗೈಯನ್ನು ಪಂಚೆಗೆ ಒರೆಸಿಕೊಂಡರು.