ಕೊತ್ತಿ ಇಲ್ಲದ ಮನೆ

ಮಿಕ್ಸರನ್ನು ಒಂದರಲ್ಲಿ ತಿರುಗಿಸಿದರೆ ಸಾಕೋ, ಮೂರಕ್ಕೇ ಹಾಕಬೇಕೋ ಎಂದು ಪರಿಮಳಾ ಇನ್ನೂ ತೀರ್ಮಾನಿಸಿರಲಿಲ್ಲ. ಮೂರಕ್ಕೆ ಹಾಕಿದರೆ ಪಕ್ಕದ ಮನೆಗೂ ಕೇಳುತ್ತದೆ. ಕೇಳಲಿ. ಇಸಳೂರಿನ ಈ ಹೊಸ ಮನೆಗಳಲ್ಲಿ ಎರಡನೇ ಶನಿವಾರದ ಬೆಳಿಗ್ಗೆ ಎಲ್ಲರೂ ಏನಾದರೊಂದು ಅರೆಯುತ್ತಲೇ ಇರುತ್ತಾರೆ. ನೀನೇನು ಅರೆಯುತ್ತೀ ಎಂದು ಕೇಳಲು ಯಾರಿಗೆ ಪುರುಸೊತ್ತು?

ಜಾರಿನಲ್ಲಿ ಏನೂ ಇರಲಿಲ್ಲ.

ಅಡುಗೆಮನೆಯ ನೆಲದ ಮೇಲೆ ಮಗಳು ಅಭಿಜ್ಞಾ ಕೂತು ಚಮಚದಿಂದ ಡಬ್ಬಿಯ ಮುಚ್ಚಳ ಬಡಿಯುತ್ತಿತ್ತು. ಒಂದು ವರ್ಷ ಹತ್ತು ತಿಂಗಳಿನ ಕೂಸು. ನಾಯಿಗೆ ಹೆದರುವುದಿಲ್ಲ, ಕತ್ತಲೆಗೆ ಹೆದರುವುದಿಲ್ಲ, ಮಿಕ್ಸರಿಗೆ ಮಾತ್ರ ಹೆದರುತ್ತದೆ. ಅದರ ಸದ್ದು ಕೇಳಿದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಓಡಿಹೋಗಿ ಅಜ್ಜಿಯ ಸೀರೆಯಲ್ಲಿ ಮುಖ ಹುಗಿಯುತ್ತದೆ.

ಅಜ್ಜಿ ಇವತ್ತು ಇರಲಿಲ್ಲ. ಸ್ವರ್ಣವಲ್ಲಿ ಮಠಕ್ಕೆ ಹೋಗಿದ್ದರು. ಬೆಳಿಗ್ಗೆ ಸುಜಯ ತಾಯಿಯನ್ನು ಸ್ಕೂಟರಿನಲ್ಲಿ ಶಿರಸಿ ಬಸ್‌ಸ್ಟ್ಯಾಂಡಿಗೆ ಬಿಟ್ಟು, ಅಲ್ಲಿಂದ ಹಾಗೇ ತನ್ನ ಸೊಸೈಟಿ ಆಫೀಸಿಗೆ ಹೋಗಿದ್ದ. ಸ್ಕೂಟರ್ ಹತ್ತುವಾಗ ಅತ್ತೆ ಹೇಳಿದ್ದರು:

"ಹತ್ತು ಗಂಟೆಗೆ ಕೂಸಿಗೆ ರಾಗಿಮಣ್ಣಿ ತಿನ್ಸು. ಹಟ ಮಾಡಿದ್ರೆ, ಆಯಿ ಸಂಜಪ್ಪಾಗ ಬತ್ತು ಹೇಳು. ಸುಮ್ನಾಗ್ತು."

"ಆತು ಅತ್ತೆ" ಅಂದಿದ್ದಳು ಪರಿಮಳಾ.

ಆಯಿ ಸಂಜೆಗೆ ಬರುತ್ತಾಳಂತೆ. ಹಾಗಾದರೆ ಮಣ್ಣಿ ತಿನ್ನಿಸುವ ಇವಳು ಯಾರು?

ಈ ಕಡೆಯ ಅವರ ಜನರ ಮನೆಗಳಲ್ಲಿ ಹೆತ್ತವಳು ಆಯಿ, ಅಜ್ಜಿ ಅಮ್ಮ. ಸುಜಯ ತನ್ನ ತಾಯಿಯನ್ನು ಆಯಿ ಅನ್ನುವುದು ಕೇಳಿ ಕೂಸೂ ಅವರನ್ನು ಆಯಿ ಅಂದಿತು. ಅತ್ತೆ "ಪರಿಮಳಾ, ನೀರು ತಾ" ಎಂದು ಕೂಗುವುದು ಕೇಳಿ ಇವಳನ್ನು "ಪಮಳಾ" ಅಂದಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ದೊಡ್ಡದಾದ ಮೇಲೆ ತನ್ನಷ್ಟಕ್ಕೆ ಸರಿಹೋಗುತ್ತದೆ ಎಂಬುದು ಸುಜಯನ ವಾದ. ಸುಜಯನಿಗೇನು, ಹೇಳುತ್ತಾನೆ. ಅವನನ್ನು ಕೂಸು ಅಪ್ಪ ಅನ್ನುತ್ತದೆ. ಸ್ಕೂಟರಿನ ಸದ್ದಾದಾಗಲೆಲ್ಲ ಅತ್ತೆ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಓಡಿ, "ಅಪ್ಪ ಬಂದ, ನೋಡು ಅಪ್ಪ" ಎಂದು ತಿಂಗಳುಗಟ್ಟಲೆ ಪಾಠ ಮಾಡಿದ್ದಾರೆ. ಪರಿಮಳಾ ಐದೂಕಾಲರ ಬಸ್ಸಿಳಿದು ಬರುವಾಗ ಯಾರೂ ಯಾರನ್ನೂ ಎತ್ತಿಕೊಂಡು ಬಾಗಿಲಿಗೆ ಬಂದದ್ದಿಲ್ಲ.

ಹೋದ ತಿಂಗಳು ಕಾಲೇಜಿನ ಮೂವರು ಸಹೋದ್ಯೋಗಿಗಳು ಮನೆಗೆ ಬಂದಿದ್ದರು. ಎಲ್ಲರ ಎದುರು ಕೂಸು "ಪಮಳಾ, ಚಾ ತಾ" ಅಂದಿತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅತ್ತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹಸಿರು ಅಂಚಿನ ಸೆರಗಿನಿಂದ ಒರೆಸಿಕೊಂಡರು. ಪರಿಮಳಾ ಕೂಡ ನಕ್ಕಳು. ಆ ನಗು ಅವಳ ಹೊಟ್ಟೆಯಲ್ಲಿ ಇನ್ನೂ ಹಾಗೇ ಇದೆ, ಕರಗಿಲ್ಲ. ಅವತ್ತೇ ಅವಳು ನಿಶ್ಚಯ ಮಾಡಿದ್ದಳು: ಇದಕ್ಕೆ ಸರಿಯಾಗಿ ತಿರುಗಿ ಕೊಡಬೇಕು.

ಹೇಗೆ ಕೊಡಬೇಕೆಂಬುದೂ ಅವಳಿಗೆ ಗೊತ್ತಿತ್ತು. ಬಿ.ಎಡ್. ಕಾಲೇಜಿನಲ್ಲಿ ಅವಳು ಕಲಿಸುವುದು ಮಕ್ಕಳ ಮನಶ್ಶಾಸ್ತ್ರ. ಗಂಟೆ ಬಾರಿಸಿ ಬಾರಿಸಿ ಅನ್ನ ಹಾಕಿದರೆ ಕೊನೆಗೆ ಬರೀ ಗಂಟೆಗೇ ನಾಯಿಯ ಜೊಲ್ಲು ಸುರಿಯುತ್ತದೆ ಎಂಬ ಪಾಠವನ್ನು ಒಂಬತ್ತು ವರ್ಷದಿಂದ ಅದದೇ ನೋಟ್ಸು ಹಿಡಿದು ಹೇಳಿದ್ದಾಳೆ. ಅದರ ಬೆನ್ನಿಗೇ ಇನ್ನೊಂದು ಪಾಠ. ಕೂಸಿನ ಮುಂದೆ ಬಿಳಿ ಇಲಿ ಬಿಟ್ಟು, ಹಿಂದಿನಿಂದ ಕಬ್ಬಿಣ ಬಡಿದರೆ, ಆಮೇಲೆ ಕೂಸು ಇಲಿ ಕಂಡರೇ ಅಳುತ್ತದೆ. "ಇಂಥ ಪ್ರಯೋಗವನ್ನು ಯಾರೂ ಮಾಡಬಾರದು" ಎಂದು ಕೊನೆಯಲ್ಲಿ ಬರೆಸುತ್ತಾಳೆ. ವಿದ್ಯಾರ್ಥಿಗಳು ಆ ವಾಕ್ಯಕ್ಕೆ ಅಡಿಗೆರೆ ಎಳೆದುಕೊಳ್ಳುತ್ತಾರೆ.

ಪರಿಮಳಾ ಹೊರಗಿನ ಕೋಣೆಯಿಂದ ಅತ್ತೆ ಮಾವನ ಫೋಟೋ ತಂದಳು. ಮಾವ ಬದುಕಿದ್ದಾಗ ಷಷ್ಟ್ಯಬ್ದಿಯಲ್ಲಿ ತೆಗೆಸಿದ್ದು. ಮಾವನ ಮುಖವನ್ನು ಅಂಗೈಯಿಂದ ಮುಚ್ಚಿ ಕೂಸಿನ ಮುಂದೆ ಹಿಡಿದಳು.

"ಇದು ಯಾರು ಕೂಸೆ?"

ಕೂಸು ಚಮಚ ಬಿಟ್ಟಿತು. ಹಾಲುಹಲ್ಲು ತೋರಿಸಿ ನಕ್ಕಿತು. "ಆಯಿ!"

ಪರಿಮಳಾ ಮಿಕ್ಸರನ್ನು ಮೂರಕ್ಕೆ ತಿರುಗಿಸಿದಳು.

ಕೂಸು ಕಿರುಚಿದ್ದು ಸದ್ದಿನಲ್ಲಿ ಕೇಳಲಿಲ್ಲ, ಬಾಯಿ ಮಾತ್ರ ಕಂಡಿತು. ಅವಳು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಆರಿಸಿದಳು. ಎತ್ತಿಕೊಂಡು ಸಮಾಧಾನ ಮಾಡಿದಳು, ಸಕ್ಕರೆ ಕೊಟ್ಟಳು. ಅರ್ಧ ಗಂಟೆ ಬಿಟ್ಟು ಮತ್ತೆ ಫೋಟೋ ಹಿಡಿದಳು. ಈ ಸಲ ಕೂಸು ನಗಲಿಲ್ಲ. ಅನುಮಾನದಿಂದ, ಸಣ್ಣ ದನಿಯಲ್ಲಿ, "ಆಯಿ" ಅಂದಿತು. ಮತ್ತೆ ಮೂರಕ್ಕೆ.

ಹಿಂದಿನ ಬಾಗಿಲಲ್ಲಿ ಸುಬ್ಬಿ ನಿಂತಿದ್ದಳು. ಪಾತ್ರೆ ತೊಳೆಯಲು ಬರುವವಳು. ಯಾವಾಗ ಬಂದಳೋ ಸದ್ದಿನಲ್ಲಿ ಗೊತ್ತೇ ಆಗಿರಲಿಲ್ಲ.

"ಎಂತ ಅರೀತಿದ್ರಿ ಅಮ್ಮಾ? ಜಾರಲ್ಲಿ ಎಂತದೂ ಇಲ್ವಲ್ರಾ."

"ನೋಡ್ತಾ ಇದ್ದೆ. ಸದ್ದು ಬೇರೆ ಥರ ಬರ್ತಾ ಇತ್ತು."

"ಖಾಲಿ ತಿರುಗ್ಸಿದ್ರೆ ಸುಟ್ಟೋಗ್ತದೆ. ಕೂಸು ಎಂತಕ್ಕೆ ಅಳ್ತದೆ?"

"ಹಲ್ಲು ಬರ್ತಾ ಇದೆ."

"ದೊಡ್ಡಮ್ಮ ಇಲ್ದಿದ್ರೆ ಇದ್ಕೆ ಆಗೂದೇ ಇಲ್ಲ" ಅಂದಳು ಸುಬ್ಬಿ. ಪರಿಮಳಾ ಕೈಯಲ್ಲಿದ್ದ ಬೋಗುಣಿಯನ್ನು ತೊಳೆಯುವ ರಾಶಿಗೆ ದಡಾರನೆ ಹಾಕಿದಳು. ಸುಬ್ಬಿ ಕಿಸಕ್ಕನೆ ನಕ್ಕಳು. "ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಅಂದಂಗಾಯ್ತು."

"ನಮ್ಮನೇಲಿ ಕೊತ್ತಿ ಎಲ್ಲಿದೆ ಸುಬ್ಬಿ?"

ಸುಬ್ಬಿ ನಿಜಕ್ಕೂ ಹುಡುಕುವವಳಂತೆ ಅಡುಗೆಮನೆಯನ್ನೆಲ್ಲ ಒಮ್ಮೆ ನೋಡಿದಳು. "ಹೌದಲ್ರಾ. ಇಲ್ಲ" ಎಂದು ಬೋಗುಣಿ ಎತ್ತಿಕೊಂಡು ಹೋದಳು.

ಪಾತ್ರೆ ತೊಳೆಯುವವಳು ಅಮ್ಮಾ ಅನ್ನುತ್ತಾಳೆ, ವಿದ್ಯಾರ್ಥಿಗಳು ಮೇಡಂ ಅನ್ನುತ್ತಾರೆ. ಹದಿನಾಲ್ಕು ತಾಸು ನೋವು ತಿಂದು ಹೆತ್ತದ್ದೊಂದು ಮಾತ್ರ ಹೆಸರು ಹಿಡಿದು ಕೂಗುತ್ತದೆ. ಸುಬ್ಬಿ ಹೋದ ಮೇಲೆ ಪರಿಮಳಾ ಮೂರನೆಯ ಸಲ ಫೋಟೋ ತಂದಳು. ಕೂಸು ತುಟಿ ಬಿಗಿದು ಮುಖ ತಿರುಗಿಸಿತು. ಹಾಗಾದರೆ ಪಾಠ ಕೆಡುತ್ತದಲ್ಲ. ಅವಳೇ ಕೂಸಿನ ಕಿವಿಯ ಹತ್ತಿರ ಬಗ್ಗಿ, "ಆಯಿ" ಎಂದು ಸ್ಪಷ್ಟವಾಗಿ ಹೇಳಿ, ತಿರುಗಿಸಿದಳು.

ಮಧ್ಯಾಹ್ನ ಕೂಸು ಅತ್ತೂ ಅತ್ತೂ ನಿದ್ದೆ ಹೋಯಿತು. ಪಕ್ಕದಲ್ಲಿ ಮಲಗಿ ಅವಳು ಸಂಜೆಯನ್ನು ಯೋಚಿಸಿದಳು. ಅತ್ತೆ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚುತ್ತಾರೆ. ಕೂಸು ಕಿರುಚಿ ಹಿಂದೆ ಸರಿಯುತ್ತದೆ. ಅತ್ತೆಯ ಮುಖ ಆಗ ಹೇಗಾಗುತ್ತದೆ? ಕೈ ಹಾಗೇ ಗಾಳಿಯಲ್ಲಿ ಉಳಿಯುತ್ತದೋ, ಕೆಳಗೆ ಇಳಿಯುತ್ತದೋ? ಇಳಿಯುವುದನ್ನು ನಿಧಾನವಾಗಿ ನೋಡಬೇಕು. ಆಮೇಲೆ ನಗಬೇಕು, ಅವತ್ತು ಅವರು ನಕ್ಕಂತೆ, ಕಣ್ಣಲ್ಲಿ ನೀರು ಬರುವ ಹಾಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆ ಪದ ಅವರಿಂದ ಕಳಚಿ ಬಿದ್ದ ಮೇಲೆ ತನಗಲ್ಲದೆ ಇನ್ನಾರಿಗೆ ಬರಬೇಕು? ಇದನ್ನೆಲ್ಲ ಯೋಚಿಸುತ್ತ ಅವಳಿಗೆ ಬಹಳ ದಿನಗಳ ಮೇಲೆ ಹಿತವಾಯಿತು.

ನಾಲ್ಕಕ್ಕೆ ಕೂಸು ಎದ್ದಿತು. ಹಾಲು ಕುಡಿಸಿ ಅಡುಗೆಮನೆಗೆ ಕರೆದುಕೊಂಡು ಹೋದಳು. ಈ ಸಲ ಫೋಟೋ ಕೂಡ ತರಲಿಲ್ಲ.

"ಆಯಿ" ಎಂದು ಮಿಕ್ಸರನ್ನು ಮೂರಕ್ಕೆ ತಿರುಗಿಸಿದಳು.

ಸದ್ದು ಬರಲಿಲ್ಲ. ಕರೆಂಟು ಹೋಗಿತ್ತು. ಶನಿವಾರ ನಾಲ್ಕರಿಂದ ಏಳು ಈ ಕಡೆಗೆ ಲೋಡ್‌ಶೆಡ್ಡಿಂಗ್ ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಆದರೂ ಕೂಸು ಎರಡೂ ಕಿವಿ ಮುಚ್ಚಿಕೊಂಡು ಕಿರುಚಿತು. ಆ ನಿಶ್ಶಬ್ದದಲ್ಲಿ ಅದರ ಕೂಗು ಈಗ ಪೂರ್ತಿ ಕೇಳಿತು.

ಪ್ರಯೋಗ ಮುಗಿಯಿತು. ಬರೀ ಗಂಟೆಗೇ ಜೊಲ್ಲು. ಒಂಬತ್ತು ವರ್ಷ ಪುಸ್ತಕದಿಂದ ಓದಿ ಹೇಳಿದ್ದು ನಿಜ ಎಂದು ಅವಳಿಗೆ ಇವತ್ತು ಗೊತ್ತಾಯಿತು. ಕೂಸು ಓಡಿ ಬಂದು ಅವಳ ಕಾಲುಗಳ ನಡುವೆ ಮುಖ ಹುಗಿಯಿತು. ಓಡಿಹೋಗಲು ಬೇರೆ ಸೀರೆ ಮನೆಯಲ್ಲಿ ಇರಲಿಲ್ಲ. ಅವಳು ಎತ್ತಿಕೊಂಡಳು. ಕೂಸಿನ ಎದೆ ಅವಳ ಎದೆಗೆ ತಾಗಿ ಬಡಿಯುತ್ತಿತ್ತು. ಇಷ್ಟು ದಿನ ಕಾದ ಸುಖ ಇದೇ ಇರಬೇಕು ಎಂದುಕೊಂಡು ಹೊರಗಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತು ಕಾದಳು. ಸುಖ ಬರಲಿಲ್ಲ. ಬೆನ್ನು ನೋಯತೊಡಗಿತು.

ಏಳಕ್ಕೆ ಹತ್ತು ನಿಮಿಷವಿದ್ದಾಗ ಸ್ಕೂಟರ್ ಬಂತು. ಮನೆಯೊಳಗೆ ಮೇಣದಬತ್ತಿಯ ಬೆಳಕಷ್ಟೇ ಇತ್ತು. ಅತ್ತೆ ಪ್ರಸಾದದ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತರು. ಅದೇ ಹಸಿರು ಅಂಚಿನ ಸೀರೆ. ಎರಡೂ ಕೈ ಚಾಚಿದರು.

ಪರಿಮಳಾ ಆ ಕೈಗಳನ್ನೇ ನೋಡಿದಳು.

ಕೂಸು ಅವಳ ತೊಡೆಯಿಂದ ಜಾರಿ ಇಳಿದು, ಎಡವುತ್ತ ಓಡಿ, ಅತ್ತೆಯ ಕುತ್ತಿಗೆಗೆ ಜೋತುಬಿದ್ದಿತು. ಯಾವತ್ತಿನ ಹಾಗೆಯೇ. ಫೋಟೋ ಬೇರೆ, ಅಜ್ಜಿಯ ವಾಸನೆ ಬೇರೆ. ಅದು ನೋಟ್ಸಿನಲ್ಲಿ ಇರಲಿಲ್ಲ. ಕೂಸು ಬಾಯಿಂದ ಮಾತ್ರ ಏನೂ ಅನ್ನಲಿಲ್ಲ.

"ಎಂತ ಕೂಸೆ, ಇವತ್ತು ಎನ್ನ ಕರೀಲೇ ಇಲ್ಲೆ?" ಅಂದರು ಅತ್ತೆ. ಆಮೇಲೆ ಕೂಸನ್ನು ಎತ್ತಿಕೊಂಡೇ ಕೂತರು.

"ಪರಿಮಳಾ."

"ಎಂತ ಅತ್ತೆ?"

"ಮಠದಲ್ಲಿ ಊಟಕ್ಕೆ ಕೂತಾಗ ಎದ್ರಿಗೆ ಒಂದು ಸಣ್ಣ ಕೂಸಿತ್ತು. ಇದ್ರಷ್ಟೇ. ಆಯಿ, ಆಯಿ ಹೇಳಿ ಹೆತ್ತವಳ ಸೆರಗು ಬಿಡ್ತೇ ಇತ್ತಿಲ್ಲೆ. ಎನಗೆ ಅನ್ನ ಇಳಿದ್ದಿಲ್ಲೆ."

ಅತ್ತೆ ಸೆರಗಿನಿಂದ ಕೂಸಿನ ಮುಖ ಒರೆಸಿದರು.

"ಇಷ್ಟು ದಿನ ನಗ್ಯಾಡಿದೆ. ಎನ್ನದೇ ತಪ್ಪು. ತಿದ್ದಕ್ಕಾಗಿತ್ತು."

ನಿನ್ನೆ ಇದನ್ನು ಹೇಳಲು ಇವರಿಗೆ ಏನಾಗಿತ್ತು? ಒಂದೇ ಒಂದು ದಿನ ಮೊದಲು? ಅತ್ತೆಯ ಮೇಲೆ ಅವಳಿಗೆ ಎಂದೂ ಬರದಷ್ಟು ಸಿಟ್ಟು ಬಂತು.

"ಇರ್ಲಿ ಬಿಡಿ ಅತ್ತೆ."

"ಇರ್ಲಿ ಹೇಳಿ ಬಿಡೂದಲ್ಲ ಅದು." ಅತ್ತೆ ಕೂಸಿನ ಗಲ್ಲ ಹಿಡಿದು ಮೆಲ್ಲಗೆ ಪರಿಮಳಾಳ ಕಡೆ ತಿರುಗಿಸಿದರು. "ನೋಡು ಕೂಸೆ, ಆನು ಅಮ್ಮ. ಅಲ್ಲಿ ಕೂತಿದ್ದಲ, ಅದು ನಿನ್ನ ಆಯಿ. ಹೇಳು ನೋಡನ. ಆಯಿ."

"ಬ್ಯಾಡ ಅತ್ತೆ" ಅಂದಳು ಪರಿಮಳಾ.

ಕೂಸು ಎರಡೂ ಕಿವಿ ಮುಚ್ಚಿಕೊಂಡಿತು. ಅತ್ತೆ ತೋರಿಸಿದ ಕಡೆಯೇ, ಪರಿಮಳಾಳ ಮುಖವನ್ನೇ, ನೋಡಿ ಕಿರುಚಿತು.

"ಎಂತಾತು ಇದ್ಕೆ?" ಸುಜಯ ಹೆಲ್ಮೆಟ್ ಹಿಡಿದುಕೊಂಡೇ ಒಳಗೆ ಬಂದ.

ಆಗ ಕರೆಂಟು ಬಂತು. ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿತು. ಅಡುಗೆಮನೆಯಲ್ಲಿ ಮಿಕ್ಸರು ತನ್ನಷ್ಟಕ್ಕೆ ಮೂರರಲ್ಲಿ ತಿರುಗತೊಡಗಿತು.

ಮನೆಯವರೆಲ್ಲ ಇಲ್ಲೇ ಇದ್ದರು. ಸುಜಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಪರಿಮಳಾ ಎದ್ದು ಹೋಗಿ ಆರಿಸಬಹುದಿತ್ತು. ಎದ್ದರೆ ಕೂಸಿನ ಮುಂದೆ ಹಾದುಹೋಗಬೇಕಿತ್ತು. ಕುರ್ಚಿಯ ಕೈ ಹಿಡಿದು ಕೂತೇ ಇದ್ದಳು.

"ಒಳಗೆ ಯಾರಿದ್ದ?" ಎಂದು ಸುಜಯ ಕೇಳಿದ.

ಅಜ್ಜಿಯ ಹೆಗಲ ಮೇಲಿಂದ ಕೂಸು ಒಂದು ಕಿವಿಯ ಕೈ ತೆಗೆದು, ಅಡುಗೆಮನೆಯ ಕಡೆ ಬೆರಳು ತೋರಿಸಿತು.

"ಆಯಿ."

ಖಾಲಿ ಜಾರು ತಿರುಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಹೊರಗಿನ ಕೋಣೆಗೂ ಬಂತು.