ಅಲಮೇರಿ ಚಮಚ

ಅಮಲಮೇರಿಯ ಕೋಪದ ಪರಿಚಯ ಲಕ್ಷ್ಮೀಪುರಂನ ಆ ಓಣಿಗೆಲ್ಲ ಇತ್ತು. ಆದರೆ ಆ ಭಾನುವಾರ ಚರ್ಚಿನಿಂದ ಬಂದವಳು ಗಂಡ ಸಂತಿಯಾಗುವಿನ ಗಾಳದ ಡಬ್ಬಿಯಲ್ಲಿ ತನ್ನ ಬಡಿಸುವ ಚಮಚದ ಬರೀ ಹಿಡಿಯನ್ನು ಕಂಡಾಗ ಕೂಗಾಡಲೇ ಇಲ್ಲ. ಅದಕ್ಕೇ ಅವನ ಜೀವ ಬಾಯಿಗೆ ಬಂತು.

"ಮಿಕ್ಕಿದ್ದು ಎಲ್ಲಿ?" ಎಂದಳು.

"ಇಲವಾಲದ ಆಚೆ, ಹಳ್ಳದಲ್ಲಿ... ಹೊಂಗೆ ಬೇರಿಗೆ ಸಿಕ್ಕಾಕ್ಕೊಂಡು ದಾರ ಕಿತ್ತೋಯ್ತು ಕಣೇ."

ಅದು ಅವಳ ಮದುವೆಗೆ ಅವ್ವ ಕೊಟ್ಟ ಸ್ಟೀಲ್ ಚಮಚ. ಪಾತ್ರೆ ಅಂಗಡಿಯವನು ಅದರ ಬೆನ್ನಿಗೆ ಹೆಸರು ಕೊರೆಯುವಾಗ ಒಂದು 'ಮ' ನುಂಗಿ 'ಅಲಮೇರಿ' ಮಾಡಿಬಿಟ್ಟಿದ್ದ. ಮದುವೆ ಮನೆಯಲ್ಲಿ ಯಾರೋ ಅದನ್ನು 'ಅಲಮಾರಿ' ಎಂದು ಓದಿದರು. ಅವತ್ತಿನಿಂದ ಸಂತಿಯಾಗು ಹೆಂಡತಿಯನ್ನು ರೇಗಿಸುವುದೇ ಹಾಗೆ. ಅವಳು ಪ್ರತಿಸಲವೂ ಮುಖ ಗಂಟಿಕ್ಕುತ್ತಿದ್ದಳು. ಇವಳಿಗೆ ಆ ಚಮಚ ಕಂಡರಾಗದು ಎಂದುಕೊಂಡ ಮಹಾನುಭಾವ, ಹಿಡಿ ಕತ್ತರಿಸಿ ಅದನ್ನು ಗಾಳಕ್ಕೆ ಕಟ್ಟುವ ತಗಡಿನ ಮೀನು ಮಾಡಿಕೊಂಡಿದ್ದ. ಅಯ್ಯೋ, ಅವಳು ಮುಖ ಗಂಟಿಕ್ಕುತ್ತಿದ್ದದ್ದು ನಗು ತಡೆಯಲು! ಆ ತಪ್ಪು ನೋಡಿ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅವ್ವ ಹೋದ ಮೇಲೆ ಅಮಲಮೇರಿಗೆ ಆ ನಗು ಉಳಿದದ್ದು ಆ ಚಮಚದಲ್ಲೇ.

"ನಡೀರಿ. ಅದು ಸಿಗದೆ ನಾನು ಮನೆಗೆ ಬರಲ್ಲ" ಎಂದು ಸ್ಕೂಟರಿನ ಹಿಂದೆ ಕೂತಳು.

ಹಳ್ಳ ಸಣ್ಣದು, ಆದರೆ ಮಳೆ ಬಂದು ತುಂಬಿಕೊಂಡಿತ್ತು. ಆಚೆ ದಡದ ಬೇರುಗಳ ನಡುವೆ, ನೀರಿನ ಸ್ವಲ್ಪ ಕೆಳಗೆ, ಚಮಚ ಮಿಣುಕುತ್ತಿತ್ತು.

"ಇಳಿದು ತಗೊಂಡ್ ಬನ್ನಿ."

"ಅಲ್ಲಿ ಹೂಳು ಮೇರಿ, ಎದೆಮಟ್ಟ ಎಳ್ಕೊಂಬುಡ್ತದೆ. ಇಲ್ಲಿಂದಲೇ ಗಾಳ ಹಾಕಿ ಎಳೀಬೇಕು."

ಎಳೆದ ಹಾಗೇ ಇದೆ ಎಂದುಕೊಂಡಳು ಅಮಲಮೇರಿ. ಮನೆಯಲ್ಲಿ ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದರೆ ಬಲ್ಬನ್ನೂ ಸ್ಟೂಲನ್ನೂ ಬೀಳಿಸುವ ಗಂಡಸು! ಆದರೆ ಕೋಲು ಕೈಗೆ ಬಂದದ್ದೇ ತಡ, ಆ ಮನುಷ್ಯನೇ ಬೇರೆಯಾಗಿಬಿಟ್ಟ. ಮಣಿಕಟ್ಟು ಒಂದಿಷ್ಟು ತಿರುಗಿಸಿದ, ಅಷ್ಟೇ. ದಾರಕ್ಕೆ ಕಟ್ಟಿದ್ದ ಇನ್ನೊಂದು ತಗಡಿನ ಮೀನು ಜೋತುಬಿದ್ದ ಕೊಂಬೆಗಳ ಕೆಳಗೆ ನುಸುಳಿ, ಬೇರಿನಾಚೆ ಸದ್ದಿಲ್ಲದೆ ಇಳಿಯಿತು. ಎಳೆದರೆ ಜೀವ ಇರುವ ಮರಿಮೀನಿನ ಹಾಗೆಯೇ ಒದ್ದಾಡುತ್ತಾ ಬಂತು. ತಪ್ಪಿತು. ಮತ್ತೆ ಎಸೆದ. ಮತ್ತೆ ಅದೇ ಜಾಗಕ್ಕೆ ಬಿತ್ತು. ಎಷ್ಟು ಚೆಂದ ಎಸೀತಾರಪ್ಪ ಇವರು! ಇಷ್ಟು ವರ್ಷ ಇದನ್ನು ನೋಡದೆ ಮನೆಯಲ್ಲಿ ಕೂತು ಮೀನು ನಾತ ಎಂದು ಬೈದೆನಲ್ಲ ಎಂದುಕೊಂಡು ಇನ್ನೊಂದು ಹೆಜ್ಜೆ ಮುಂದೆ ಬಂದಳು.

ಅಷ್ಟರಲ್ಲಿ ನೀರು ಸಿಡಿದೆದ್ದಿತು. ಕೊರವ ಮೀನು! ತೊಡೆ ಗಾತ್ರದ್ದು. ತಗಡಿನ ಮೀನಿಗೆ ಬಾಯಿ ಹಾಕಿ ಬೇರನ್ನು ಸುತ್ತಿಕೊಂಡು ಓಡಿತು. ಕೋಲು ಬಿಲ್ಲಾಯಿತು.

"ಅಬ್ಬಾ! ಇಂಥದ್ದು ನನ್ನ ಜನ್ಮದಲ್ಲೇ ಬಿದ್ದಿಲ್ಲ ಮೇರಿ!" ಅವನು ಕಾಲೂರಿ ಹಿಂದಕ್ಕೆ ವಾಲಿದ.

ದಾರ ಈಗ ಚಮಚಕ್ಕೆ ಹಾಕಿದ್ದ ತಂತಿಯ ಬಳೆಗೂ ಸುತ್ತಿಕೊಂಡಿತ್ತು. ಬಿಗಿಯಾಗಿ ಎಳೆದರೆ ಮೀನು ಬರುತ್ತದೆ, ಚಮಚ ಬಳೆ ಕಿತ್ತು ಹೂಳಿಗೆ ಬೀಳುತ್ತದೆ. ಸಡಿಲ ಬಿಟ್ಟರೆ ಮೀನು ಬಾಯಿಯ ಕೊಕ್ಕೆ ಕೊಡವಿಕೊಂಡು ಹೋಗುತ್ತದೆ. ಅಮಲಮೇರಿಗೂ ಅದು ಕಾಣುತ್ತಿತ್ತು. ಸಂತಿಯಾಗು ಒಮ್ಮೆ ಅವಳ ಮುಖ ನೋಡಿದ. ರೀಲು ಸಡಿಲ ಬಿಟ್ಟ.

ಕೊರವ ಒಮ್ಮೆ ಮೇಲಕ್ಕೆ ಹಾರಿ, ತಲೆ ಕೊಡವಿ, ದುಡುಮ್ಮನೆ ಬಿದ್ದು ಹೋಯಿತು. ಅವನು ಆ ಕಡೆ ತಿರುಗಿಯೂ ನೋಡದೆ, ಎಳೆಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ದಾರವನ್ನು ಮೆಲ್ಲಗೆ ಎಳೆದ. ಮೀನು ಸುತ್ತಿಟ್ಟ ದಾರ ಬೇರಿನ ಹಿಂದಿನಿಂದ ಜಗ್ಗಿ ಚಮಚವನ್ನು ಬಿಡಿಸಿತು. ಅದು ಹೊಳೆಯುತ್ತಾ ಈಚೆ ದಡಕ್ಕೆ ಬಂತು.

ಅಮಲಮೇರಿ ಅದನ್ನು ಸೆರಗಿನಲ್ಲಿ ಒರೆಸಿ ತಿರುಗಿಸಿದಳು. ಒಂದು ಅಕ್ಷರಕ್ಕೂ ಏಟಾಗಿರಲಿಲ್ಲ. ಬಳೆ ಹಾಕಲು ಕೊರೆದ ತೂತು ಸರಿಯಾಗಿ 'ಅ'ಗೂ 'ಲ'ಗೂ ನಡುವೆ, 'ಮ' ಇರಬೇಕಾದ ಜಾಗದಲ್ಲೇ ಇತ್ತು.

"ತುದೀಲಿ ಕೊರೀಬಹುದಿತ್ತಲ್ರೀ?"

"ತುದೀವರೆಗೂ ಅಕ್ಷರ ಇದೆ, ಅಲ್ಲಿ ಕೊರೆದಿದ್ರೆ ಹೆಸರು ಅಳಿಸೋಗ್ತಿತ್ತು" ಎಂದ ಅವನು, ನೆಲ ನೋಡುತ್ತಾ. "ನೀನಂತೂ ಹಳ್ಳಕ್ಕೆ ಬರಲ್ಲ. ಹೆಸರಾದ್ರೂ ಜೊತೇಲಿರ್ಲಿ ಅಂತ..."

ಅಮಲಮೇರಿ ಈ ಸಲ ಮುಖ ಗಂಟಿಕ್ಕಲಿಲ್ಲ. ಅವ್ವನ ಹಾಗೆಯೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂತಿಯಾಗು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಗು ನಿಂತ ಮೇಲೆ ಚಮಚವನ್ನು ಅವನ ಅಂಗೈಗೆ ಹಾಕಿ, ದಡದ ಕಲ್ಲಿನ ಮೇಲೆ ಕೂತಳು.

"ಕಟ್ಟಿ ಇದನ್ನ. ಆ ಮೀನು ಇನ್ನೂ ಅಲ್ಲೇ ಇರ್ತದೆ" ಎಂದಳು. "ಗಂಟು ಮಾತ್ರ ಬಿಗಿಯಾಗಿ ಹಾಕ್ರೀ, ಅಲಮಾರಿ ಕಳೆದೋದೀತು."