ಎಳ್ಳಿನೊಳಗಿನ ಹರಳು

ಮೊರದ ಎಳ್ಳನ್ನು ತೆಳ್ಳಗೆ ಹರಡಿಕೊಂಡು ಪ್ರಮಿಲಾ ಹರಳು ಹುಡುಕುತ್ತಿದ್ದಳು. ಹುಡುಕುತ್ತಿದ್ದಳು ಎನ್ನುವುದು ಸುಳ್ಳು, ಬೆರಳಿನಿಂದ ಸವರುತ್ತಿದ್ದಳು. ಒರಟಾಗಿ ತಾಕಿದ್ದು ಹರಳು, ನುಣ್ಣಗೆ ಜಾರಿದ್ದು ಎಳ್ಳು. ಕಣ್ಣಿಗೆ ಮಾತ್ರ ಎರಡೂ ಒಂದೇ ಮಸುಕು.

ನಾಗರಪಂಚಮಿಗೆಂದು ಹೈದರಾಬಾದಿನಿಂದ ಆಳಂದದ ಮನೆಗೆ ಬಂದಿದ್ದಳು. ಮದುವೆಯಾಗಿರಲಿಲ್ಲ. ೧೯೭೬ರಲ್ಲಿ ಹೈದರಾಬಾದಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿ ಸೇರಿದವಳು. ಈಗ ಕಿವಿಯ ಮೇಲೆ ಕೂದಲು ನರೆತಿತ್ತು. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂದಲಿಗಿಂತ ಸಣ್ಣ ತಂತಿ ಬೆಸೆಯಬೇಕು. ಧೂಳು ಬೀಳಬಾರದೆಂದು ಬಾಗಿಲಲ್ಲೇ ಬಳೆ, ಹೂವು, ಕುಂಕುಮ ತೆಗೆದಿಡಬೇಕು. ನೀರು ಕುಡಿಯಲೂ ಕೈ ಎತ್ತಿ ಅಪ್ಪಣೆ ಕೇಳಬೇಕು. ಆದರೆ ಅವ್ವ ಶಾರದಾಬಾಯಿಯ ಹೊಟ್ಟೆಯ ಗಡ್ಡೆ ತೆಗೆದದ್ದು ಅದೇ ಕಂಪನಿಯ ಆಸ್ಪತ್ರೆಯಲ್ಲಿ. ಅದೇ ಕಂಪನಿ ಕೊಟ್ಟ ಕೋಣೆಗೆ ಸಂಜೆ ಒಳಗಿನಿಂದ ಚಿಲಕ ಹಾಕಿಕೊಂಡರೆ, ಚಹಾ ಮಾಡು ಎನ್ನುವವರು ಯಾರೂ ಇರಲಿಲ್ಲ. ಆ ಚಿಲಕದ ಸದ್ದು ಅವಳಿಗೆ ಬಲು ಇಷ್ಟ.

ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ. ಗೋಡೆಯ ಫಲಕದಲ್ಲಿದ್ದ ಅಕ್ಷರಗಳನ್ನು ಹೆಂಗಸರೆಲ್ಲ ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದ್ದರು. ಮೊದಲು ಒಳಗೆ ಹೋಗುತ್ತಿದ್ದವಳು ಜೊತೆ ಕೆಲಸದ ಖುರ್ಷಿದಬೇಗಂ. ಹೊರಗೆ ಬಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳೆಂದರೆ, ಹಳೆಯ ಫಲಕವೇ ಇದೆ, ಹೆದರಬೇಡಿ ಎಂದರ್ಥ.

ಮಧ್ಯಾಹ್ನ ಉಂಡಿ ಕಟ್ಟಿಯಾಯಿತು. ಅಣ್ಣ ವಾಮನ ಒಂದನ್ನು ಬಾಯಿಗೆ ಹಾಕಿಕೊಂಡವನೇ ದವಡೆ ಹಿಡಿದುಕೊಂಡ.

“ಉಂಡಿನೋ ಖಡಿನೋ ಇದು? ಎಳ್ಳು ಯಾರು ಹಸನ ಮಾಡ್ಯಾರ?”

“ಅಕ್ಕ!” ಕಡೆಗೂಸು ನರ್ಮದಾ ನಕ್ಕಳು. “ಹೈದರಾಬಾದಿ ಉಂಡಿ ಅಣ್ಣಾ, ಹಲ್ಲು ಗಟ್ಟಿ ಇದ್ದವ್ರಿಗಷ್ಟ.”

ಅವ್ವ ನಗಲಿಲ್ಲ. ಉಳಿದ ಎಳ್ಳಿನ ಮೊರ ತಂದು ಪ್ರಮಿಲಾಳ ಮುಂದಿಟ್ಟಳು. “ಪಮ್ಮಿ, ಇದರಾಗ ಹರಳು ತೋರಿಸು.”

ಪ್ರಮಿಲಾಳ ಬೆರಳು ಮುಂದೆ ಹೋಯಿತು.

“ಮುಟ್ಟಬ್ಯಾಡ. ನೋಡಿ ಹೇಳು.”

ಪ್ರಮಿಲಾ ಕೈ ಹಿಂದೆಗೆದಳು.

“ಯಾವಾಗಿಂದ ಇದು?” ಅವ್ವ ಕೇಳಿದಳು.

“ಎರಡ್ಮೂರು ವರ್ಷ ಆತವ್ವಾ.”

“ಕಂಪನ್ಯಾಗ ಹೇಳಿಲ್ಲೇನು?”

“ಹೇಳಿದ್ರ ಮನಿಗೆ ಕಳಸ್ತಾರ.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಈಗ ಹತ್ತಿರ ಬಂದು ಮುಖ ಸವರುತ್ತಾಳೆ ಎಂದು ಪ್ರಮಿಲಾ ಚಿಕ್ಕ ಹುಡುಗಿಯಂತೆ ಕಾದಳು.

ವಾಮನ ಹರಳನ್ನು ಅಂಗೈಗೆ ಉಗುಳಿ ನೋಡಿದ. “ಕಣ್ಣು ಹೋದವ್ರ ಜಾಗಾಕ್ಕ ಅವ್ರ ಮನಿಯವ್ರನ್ನ ತಗೋತಾರಂತ ನೀನ ಹೇಳಿದ್ದಿ ಅಲ್ಲ?”

“ಹೂಂ. ತಗೋತಾರ.”

“ಮತ್ತ! ನಮ್ಮ ನರ್ಮದಾ ಮ್ಯಾಟ್ರಿಕ್ ಪಾಸಾಗಿ ಕುಂತಾಳ. ಆಕೀನ ನೋಡಿ ಹೋದ ಜೇವರ್ಗಿಯವ್ರೂ ನೌಕರಿ ಇದ್ದ ಹುಡುಗೀನ ಬೇಕಂತಾರ. ಸುಮ್ನ ಮುಚ್ಚಿಟ್ಟು ಏನ್ ಮಾಡ್ತೀ?”

ಅವ್ವನ ಮುಖ ಹಗುರಾದದ್ದು ಆ ಮಸುಕಿನಲ್ಲೂ ಪ್ರಮಿಲಾಳಿಗೆ ತಿಳಿಯಿತು. “ಖರೇ ಅದ ಪಮ್ಮಿ. ನೀನೂ ದುಡದು ದಣದೀ. ಬಂದು ಆರಾಮ ಇರು. ವಾಮನನ ಹುಡುಗರ್ನ ನೋಡ್ಕೋತ ಒಂದ್ ಮೂಲ್ಯಾಗ ಇದ್ರಾತು.”

ನರ್ಮದಾ ಆಗಲೇ ಹೈದರಾಬಾದಿನಲ್ಲಿದ್ದಳು. “ಅಕ್ಕಾ, ಅಲ್ಲಿ ಖರೇನ ಬಳಿ ಹಾಕ್ಕೋಬಾರದೇನು? ನಿನ್ನ ಕೋಣಿ ನನಗ ಕೊಡ್ತಾರೇನು?”

ಎಷ್ಟು ಕಾಣುತ್ತದೆ, ನೋಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ನರ್ಮದಾಳ ಕಾಡಿಗೆ ಹಚ್ಚಿದ ದೊಡ್ಡ ಕಣ್ಣುಗಳು ತೀರ ಹತ್ತಿರ ಬಂದು ಹೊಳೆದವು. ಕಂಪನಿ ಸೇರುವಾಗ ತನ್ನವೂ ಹೀಗೇ ಇದ್ದವು.

“ವಿಚಾರ ಮಾಡ್ತೇನಿ,” ಎಂದಳು ಪ್ರಮಿಲಾ.

“ಇದರಾಗೇನು ವಿಚಾರ?” ಎಂದು ವಾಮನ ಕೈ ಝಾಡಿಸಿ ಎದ್ದ.

ಎಲ್ಲರೂ ಜೋಕಾಲಿ ಕಟ್ಟಲು ಅಂಗಳಕ್ಕೆ ಹೋದರು. ಪ್ರಮಿಲಾ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಬೆರಳು ಎಳ್ಳಿನಲ್ಲಿ ಆಡುತ್ತಿತ್ತು, ತುಟಿ ಅಲುಗುತ್ತಿತ್ತು. ಮಗಳು ದೇವರ ನಾಮ ಹೇಳುತ್ತಿದ್ದಾಳೆಂದು ಅವ್ವ ಹೊಸ್ತಿಲಿನಿಂದಲೇ ಹಿಂದಿರುಗಿದಳು.

ಟಿ, ಝಡ್, ವಿ, ಇ. ಕೆಳಗಿನ ಸಾಲು: ಎಲ್, ಓ, ಎಫ್, ಡಿ.

ಬರುವ ತಿಂಗಳು ತಪಾಸಣೆ. ಈ ವರ್ಷವೂ ಒಂದಕ್ಷರ ತಪ್ಪದೆ ಓದುತ್ತೇನೆ, ಮುಂದಿನ ವರ್ಷವೂ ಓದುತ್ತೇನೆ ಎಂದುಕೊಂಡಳು. ತಂಗಿಯ ಕಣ್ಣು ಉಳಿಸಲಿಕ್ಕೋ, ತನ್ನ ಚಿಲಕ ಉಳಿಸಿಕೊಳ್ಳಲಿಕ್ಕೋ, ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಬೆರಳಿಗೆ ಒಂದು ಹರಳು ತಾಕಿತು. ತೆಗೆದು ಪಕ್ಕಕ್ಕಿಟ್ಟಳು.